ಮೆಲನೋಮಾ ಶಸ್ತ್ರಚಿಕಿತ್ಸೆಯ ನಂತರ: ಗಾಯದ ಆರೈಕೆ, ನಗು ಮತ್ತು ಸಮದುಃಖಿಗಳು

ಉಗುರಗಲದ ಮಚ್ಚೆ ತೆಗೆಸಲು ಹೋದವರು ಗೇಣುದ್ದದ ಹೊಲಿಗೆ ಹಾಕಿಸಿಕೊಂಡು ಹೊರಬರುತ್ತಾರೆ. ಮೆಲನೋಮಾ ಶಸ್ತ್ರಚಿಕಿತ್ಸೆಯ ನಂತರದ ಮೊದಲ ಆಘಾತ ಸಾಮಾನ್ಯವಾಗಿ ಇದೇ. ಡ್ರೆಸ್ಸಿಂಗ್ ಬಿಚ್ಚಿದಾಗ ಗಾಯದ ಅಳತೆ ನೋಡಿ, ಕಾಯಿಲೆ ಇಷ್ಟೊಂದು ಹಬ್ಬಿತ್ತೇ ಎಂದು ರೋಗಿಯೂ ಮನೆಯವರೂ ಕಂಗಾಲಾಗುತ್ತಾರೆ. ಗಾಯದ ಉದ್ದ ನೋಡಿ ಕಾಯಿಲೆ ಎಷ್ಟು ಹಬ್ಬಿದೆ ಎಂದು ಹೇಳಲು ಬರುವುದಿಲ್ಲ. ಆ ಉದ್ದ ಬರುವುದು ಒಂದು ಲೆಕ್ಕದಿಂದ. ಆ ಲೆಕ್ಕ ಗೊತ್ತಿದ್ದರೆ ಭಯ ಬಹಳಷ್ಟು ಇಳಿಯುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಎಂಬ ಜೀವಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್ ಮೆಲನೋಮಾ. ಅದು ಎಷ್ಟು ಅಗಲವಿದೆ ಎನ್ನುವುದಕ್ಕಿಂತ ಎಷ್ಟು ಆಳಕ್ಕೆ ಇಳಿದಿದೆ ಎನ್ನುವುದು ಮುಖ್ಯ. ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ರೋಗಶಾಸ್ತ್ರಜ್ಞ 1970ರಲ್ಲಿ ಸೂಚಿಸಿದ, ಮಿಲಿಮೀಟರ್‌ನಲ್ಲಿ ಹೇಳುವ ಈ ಆಳದ ಅಳತೆಯೇ ಇಂದಿಗೂ ಬಯಾಪ್ಸಿ ವರದಿಯ ಮುಖ್ಯ ಸಂಖ್ಯೆ. ಅದನ್ನು ನೋಡಿಕೊಂಡೇ ಸುತ್ತಲಿನ ಆರೋಗ್ಯವಂತ ಚರ್ಮವನ್ನು ಎಷ್ಟು ತೆಗೆಯಬೇಕೆಂದು ನಿರ್ಧರಿಸುತ್ತಾರೆ. ಮೇಲ್ಪದರದಲ್ಲೇ ಉಳಿದ ಮೆಲನೋಮಾಗೆ ಅರ್ಧದಿಂದ 1 ಸೆಂಟಿಮೀಟರ್, 1 ಮಿಲಿಮೀಟರ್‌ವರೆಗಿನ ಆಳಕ್ಕೆ 1 ಸೆಂಟಿಮೀಟರ್, 1ರಿಂದ 2 ಮಿಲಿಮೀಟರ್ ಆಳಕ್ಕೆ 1ರಿಂದ 2 ಸೆಂಟಿಮೀಟರ್, ಅದಕ್ಕಿಂತ ಆಳವಿದ್ದರೆ 2 ಸೆಂಟಿಮೀಟರ್. ಇದು ಎಲ್ಲ ದಿಕ್ಕಿಗೂ ಅನ್ವಯಿಸುತ್ತದೆ. 1 ಸೆಂಟಿಮೀಟರ್ ಅಗಲದ ಮಚ್ಚೆಗೆ ಎರಡೂ ಕಡೆ 2 ಸೆಂಟಿಮೀಟರ್ ಸೇರಿಸಿದರೆ ಅಗಲ 5 ಸೆಂಟಿಮೀಟರ್ ಆಯಿತು. ದುಂಡಗೆ ಕತ್ತರಿಸಿ ಎಳೆದು ಹೊಲಿದರೆ ಎರಡು ತುದಿಯಲ್ಲೂ ಚರ್ಮ ಮಡಿಕೆಯಾಗಿ ಉಬ್ಬಿ ನಿಲ್ಲುತ್ತದೆ. ಅದನ್ನು ತಪ್ಪಿಸಲು ಅಗಲದ ಮೂರರಷ್ಟು ಉದ್ದಕ್ಕೆ, ಎಲೆಯ ಆಕಾರದಲ್ಲಿ ಕತ್ತರಿಸುತ್ತಾರೆ. ಅಲ್ಲಿಗೆ 15 ಸೆಂಟಿಮೀಟರ್. ಕ್ಯಾನ್ಸರ್ ಇದ್ದದ್ದು 1 ಸೆಂಟಿಮೀಟರ್, ಉಳಿದದ್ದೆಲ್ಲ ಮುನ್ನೆಚ್ಚರಿಕೆ ಮತ್ತು ಹೊಲಿಗೆಯ ಅನುಕೂಲ.

ಆಳ 1 ಮಿಲಿಮೀಟರ್ ದಾಟಿದ್ದರೆ, ಕೆಲವೊಮ್ಮೆ 0.8 ದಾಟಿದರೂ, ಸೆಂಟಿನೆಲ್ ಗ್ರಂಥಿಯ ಬಯಾಪ್ಸಿ ಮಾಡುತ್ತಾರೆ. ಡೊನಾಲ್ಡ್ ಮಾರ್ಟನ್ ತಂಡ 1992ರಲ್ಲಿ ಪ್ರಕಟಿಸಿದ ವಿಧಾನ ಇದು. ಮಚ್ಚೆ ಇದ್ದ ಜಾಗಕ್ಕೆ ಅಲ್ಪ ವಿಕಿರಣದ ಟೆಕ್ನೀಶಿಯಂ ಮತ್ತು ನೀಲಿ ಬಣ್ಣ ಚುಚ್ಚುತ್ತಾರೆ. ಅಲ್ಲಿಂದ ಹರಿಯುವ ದುಗ್ಧರಸ (ಲಿಂಫ್ ಎಂಬ ತಿಳಿ ದ್ರವ) ಕಂಕುಳು, ತೊಡೆಸಂದು ಅಥವಾ ಕತ್ತಿನ ಯಾವ ಗ್ರಂಥಿಗೆ ಮೊದಲು ಸೇರುತ್ತದೋ ಅದನ್ನಷ್ಟೇ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಹೀಗಾಗಿ ಮಚ್ಚೆ ಒಂದು ಕಡೆ ಇದ್ದರೂ ಗಾಯ ಎರಡು. ಒಂದೆರಡು ದಿನ ಮೂತ್ರ ನೀಲಿ-ಹಸಿರಾಗಿ ಹೋಗುತ್ತದೆ, ಚುಚ್ಚಿದ ಜಾಗದ ನೀಲಿ ಕಲೆ ವಾರಗಟ್ಟಲೆ ಉಳಿಯಬಹುದು. ಮೊದಲೇ ಹೇಳಿರದಿದ್ದರೆ ಇದು ಗಾಬರಿಯ ಸಂಗತಿ. ಹೇಳಿದ್ದರೆ, ಎಷ್ಟೋ ಮನೆಗಳಲ್ಲಿ ಶಸ್ತ್ರಚಿಕಿತ್ಸೆಯ ನಂತರದ ಮೊದಲ ನಗು ಹುಟ್ಟುವುದು ಇದೇ ಬಣ್ಣದ ವಿಷಯಕ್ಕೆ.

ಮೊದಲ ಎರಡು ವಾರ

ಮೊದಲ 24ರಿಂದ 48 ಗಂಟೆ ಡ್ರೆಸ್ಸಿಂಗ್ ಒದ್ದೆಯಾಗಬಾರದು. ಆಮೇಲೆ ಡಾಕ್ಟರು ಒಪ್ಪಿದರೆ ಹರಿಯುವ ನೀರಿನಲ್ಲಿ ಚುಟುಕಾಗಿ ಸ್ನಾನ ಮಾಡಬಹುದು. ಟಬ್ಬಿನಲ್ಲಿ ಮುಳುಗುವುದು, ಈಜು ಗಾಯ ಪೂರ್ತಿ ಮುಚ್ಚುವವರೆಗೆ ಬೇಡ. ಗಾಯವನ್ನು ಒರೆಸದೆ, ಶುಭ್ರ ಬಟ್ಟೆಯಿಂದ ಒತ್ತಿ ನೀರು ಹೀರಿಸಿ. ಮೇಲೆ ಪೆಟ್ರೋಲಿಯಂ ಜೆಲ್ಲಿಯ ತೆಳುವಾದ ಲೇಪ ಸಾಕು. ಗಾಯಕ್ಕೆ ಗಾಳಿಯಾಡಬೇಕು, ಒಣಗಿ ಹಕ್ಕಳೆ ಕಟ್ಟಬೇಕು ಎಂಬ ನಂಬಿಕೆ ಗಟ್ಟಿಯಾಗಿದೆ. ನಿಜಕ್ಕೂ ತೇವ ಉಳಿದ ಗಾಯವೇ ಬೇಗ ಮಾಯುತ್ತದೆ, ಏಕೆಂದರೆ ಹೊಸ ಚರ್ಮದ ಕೋಶಗಳು ಒಣ ಹಕ್ಕಳೆಯ ಅಡಿಯಲ್ಲಿ ದಾರಿ ಕೊರೆದುಕೊಂಡು ಸಾಗಬೇಕಾಗುವುದಿಲ್ಲ.

ರಕ್ತ ಜಿನುಗಿದರೆ ಶುಭ್ರ ಬಟ್ಟೆಯಿಟ್ಟು ಗಡಿಯಾರ ನೋಡಿಕೊಂಡು 20 ನಿಮಿಷ ಬಿಗಿಯಾಗಿ ಒತ್ತಿ ಹಿಡಿಯಿರಿ. ನಿಂತಿತೇ ಎಂದು ಎರಡೆರಡು ನಿಮಿಷಕ್ಕೆ ಬಟ್ಟೆ ಎತ್ತಿ ನೋಡುವುದೇ ಇಲ್ಲಿ ಆಗುವ ತಪ್ಪು. ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಬಟ್ಟೆಯ ಜೊತೆ ಕಿತ್ತುಬರುತ್ತದೆ. 20 ನಿಮಿಷ ಒತ್ತಿದರೂ ನಿಲ್ಲದಿದ್ದರೆ, ಅಥವಾ ಗಾಯದ ಅಡಿಯಲ್ಲಿ ದಿಢೀರನೆ ಗಡ್ಡೆಯಂತೆ ಊದಿಕೊಂಡರೆ ಆಸ್ಪತ್ರೆಗೆ ಹೊರಡಿ. ನೋವು ಮೊದಲ ಮೂರು ದಿನ ಇದ್ದು ಇಳಿಯುತ್ತ ಹೋಗಬೇಕು. ಇಳಿದ ನೋವು ಮತ್ತೆ ಏರಿದರೆ, ಕೆಂಪು ಹರಡಿದರೆ, ಕೀವು ಬಂದರೆ, ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ನಂಜಾಗಿರಬಹುದು. ಅಂಥ ಸಂದರ್ಭದಲ್ಲಿ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅಂದೇ ತೋರಿಸಿ.

ಹೊಲಿಗೆ ಬಿಚ್ಚುವ ದಿನ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಮುಖದಲ್ಲಿ ರಕ್ತ ಸಂಚಾರ ಚೆನ್ನಾಗಿರುವುದರಿಂದ 5ರಿಂದ 7 ದಿನ, ಬೆನ್ನು-ಹೊಟ್ಟೆಗೆ 10ರಿಂದ 14, ಕಾಲಿಗೆ 14 ಅಥವಾ ಇನ್ನೂ ಹೆಚ್ಚು. ಹೊಲಿಗೆ ಬಿಚ್ಚಿದ ದಿನ ಗಾಯ ಗಟ್ಟಿಯಾಗಿದೆ ಎಂದುಕೊಳ್ಳುವುದು ತಪ್ಪು. ಎರಡು ವಾರಕ್ಕೆ ಅದರ ಬಲ ಮೂಲ ಚರ್ಮದ ಹತ್ತರಲ್ಲೊಂದು ಪಾಲಿನ ಆಸುಪಾಸು, ಮೂರು ತಿಂಗಳಿಗೆ ಶೇ 80ರ ಹತ್ತಿರ, ಪೂರ್ತಿ ನೂರು ಎಂದಿಗೂ ಆಗುವುದಿಲ್ಲ. ಬೆನ್ನು, ಭುಜದ ಗಾಯಗಳು ಅಗಲವಾಗಿ ಹಿಗ್ಗುವುದು ಹೆಚ್ಚಾಗಿ ಈ ಅವಧಿಯಲ್ಲಿ ಬಕೆಟ್ ಎತ್ತಿದ್ದಕ್ಕೆ, ಮಗುವನ್ನು ಎತ್ತಿಕೊಂಡದ್ದಕ್ಕೆ, ಮೇಲಿನ ಕಪಾಟಿಗೆ ಕೈ ಚಾಚಿದ್ದಕ್ಕೆ. ಕನಿಷ್ಠ ನಾಲ್ಕು ವಾರ ಆ ಕೆಲಸಗಳನ್ನು ಬೇರೆಯವರಿಗೆ ಒಪ್ಪಿಸಿ.

ಚರ್ಮದ ಕಸಿ ಮಾಡಿದ್ದರೆ

ಅಂಗಾಲು, ಹಿಮ್ಮಡಿ, ಮೊಣಕಾಲಿನ ಕೆಳಭಾಗದಲ್ಲಿ ಎಳೆದು ಹೊಲಿಯಲು ಸಡಿಲ ಚರ್ಮವೇ ಇರುವುದಿಲ್ಲ. ಗಾಢ ವರ್ಣದ ಚರ್ಮದವರಲ್ಲಿ ಮೆಲನೋಮಾ ಹೆಚ್ಚಾಗಿ ಕಾಣಿಸಿಕೊಳ್ಳುವುದೂ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲೇ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನಲ್ಲಿ ಬಂದದ್ದು ಈ ಬಗೆಯದೇ. 1981ರಲ್ಲಿ, 36ನೇ ವಯಸ್ಸಿಗೆ ಅವರು ತೀರಿಕೊಂಡರು. ಈ ಜಾಗಗಳಿಗೆ ಸಾಮಾನ್ಯವಾಗಿ ತೊಡೆಯಿಂದ ತೆಳುವಾದ ಚರ್ಮದ ಪದರ ತೆಗೆದು ಹಚ್ಚುತ್ತಾರೆ.

ಹಚ್ಚಿದ ಪದರಕ್ಕೆ ಮೊದಲಿಗೆ ತನ್ನದೇ ರಕ್ತನಾಳಗಳಿರುವುದಿಲ್ಲ. ಮೊದಲ ಒಂದೆರಡು ದಿನ ಅದು ಅಡಿಯ ಗಾಯದಿಂದ ಜಿನುಗುವ ದ್ರವವನ್ನು ಹೀರಿಕೊಂಡೇ ಬದುಕುತ್ತದೆ. ಆಮೇಲೆ ಕೆಳಗಿನ ಸೂಕ್ಷ್ಮ ರಕ್ತನಾಳಗಳು ಒಂದೊಂದಾಗಿ ಅದಕ್ಕೆ ಕೂಡಿಕೊಳ್ಳುತ್ತವೆ. ಐದರಿಂದ ಏಳು ದಿನಕ್ಕೆ ಬಣ್ಣ ಗುಲಾಬಿಗೆ ತಿರುಗಿದರೆ ಕಸಿ ಹಿಡಿದಿದೆ ಎಂದರ್ಥ. ಗಾಢ ಚರ್ಮದಲ್ಲಿ ಈ ಗುಲಾಬಿ ಸ್ಪಷ್ಟವಾಗಿ ಕಾಣದೇ ಇರಬಹುದು, ಅದನ್ನು ತಜ್ಞರೇ ನೋಡಿ ಹೇಳಬೇಕು. ಕಸಿ ಕೆಡುವುದು ನಾಲ್ಕು ಕಾರಣಕ್ಕೆ: ಅಡಿಯಲ್ಲಿ ರಕ್ತ ನಿಂತು ಪದರವನ್ನು ಮೇಲೆತ್ತುವುದು, ನೀರು ತುಂಬುವುದು, ಪದರ ಜಾರುವುದು, ನಂಜು. ಮೊದಲ ಡ್ರೆಸ್ಸಿಂಗನ್ನು ಮೆತ್ತೆಯಂತೆ ಒತ್ತಿ ಹೊಲಿದು ಕಟ್ಟಿ, ಐದಾರು ದಿನ ಮುಟ್ಟಬೇಡಿ ಎನ್ನುವುದು ಮೊದಲ ಮೂರನ್ನು ತಡೆಯಲಿಕ್ಕೆ. ಆ ದಿನಗಳಲ್ಲಿ ವಾಸನೆ ಬರುತ್ತಿದೆ, ಒಳಗೆ ಏನಾಗಿದೆಯೋ ನೋಡೋಣ ಎಂದು ಮನೆಯಲ್ಲೇ ಬಿಚ್ಚಿ ಕಸಿ ಕೆಡಿಸಿಕೊಂಡವರಿದ್ದಾರೆ. ವಾಸನೆ ಬಂದರೆ ಬಿಚ್ಚಬೇಡಿ, ಫೋನ್ ಮಾಡಿ.

ಕಾಲಿನ ಕಸಿಯಾದರೆ ಕೂತಾಗ, ಮಲಗಿದಾಗ ಕಾಲು ಎದೆಮಟ್ಟಕ್ಕಿಂತ ಮೇಲಿರಲಿ. ಕಾಲು ಇಳಿಬಿಟ್ಟರೆ ಹೊಸ ರಕ್ತನಾಳಗಳಲ್ಲಿ ಒತ್ತಡ ಏರಿ ಪದರದ ಅಡಿಯಲ್ಲಿ ರಕ್ತ ಜಿನುಗುತ್ತದೆ. ನಡೆಯಲು ಅನುಮತಿ ಸಿಕ್ಕ ಮೇಲೂ ಮೊದಲ ದಿನ ಕೆಲವೇ ನಿಮಿಷ ಕಾಲು ಇಳಿಬಿಟ್ಟು, ಬಣ್ಣ ಕಪ್ಪು-ನೇರಳೆಗೆ ತಿರುಗುವುದೇ ಎಂದು ನೋಡಿ, ದಿನದಿನಕ್ಕೆ ಅವಧಿ ಹೆಚ್ಚಿಸುತ್ತ ಹೋಗಬೇಕು. ಸಿಗರೇಟು ಪೂರ್ತಿ ನಿಲ್ಲಬೇಕು. ನಿಕೋಟಿನ್ ಮುಚ್ಚಿಸುವುದು ಇದೇ ಸೂಕ್ಷ್ಮ ನಾಳಗಳನ್ನು. ಹಾಗೆಯೇ, ಕಸಿ ಹಚ್ಚಿದ ಜಾಗಕ್ಕಿಂತ ಚರ್ಮ ಕೊಟ್ಟ ತೊಡೆಯೇ ಹೆಚ್ಚು ಉರಿಯುತ್ತದೆ. ನರಗಳ ತುದಿಗಳು ಅಲ್ಲಿ ತೆರೆದುಕೊಂಡಿರುವುದು ಕಾರಣ. ಎರಡು ವಾರದಲ್ಲಿ ಅದು ಹೊಸ ಚರ್ಮ ಕಟ್ಟಿಕೊಳ್ಳುತ್ತದೆ.

ಗ್ರಂಥಿ ತೆಗೆದ ಕಡೆ ಕೈ ಅಥವಾ ಕಾಲು ಭಾರವೆನಿಸುವುದು, ಉಂಗುರ ಬಿಗಿಯಾಗುವುದು, ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಮೂಡುವುದು ದುಗ್ಧರಸ ಬಾವಿನ ಮೊದಲ ಸುಳಿವು. ಸೆಂಟಿನೆಲ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಾಗ ಮೊದಲೆಲ್ಲ ಅಲ್ಲಿನ ಎಲ್ಲ ಗ್ರಂಥಿಗಳನ್ನೂ ತೆಗೆಯುತ್ತಿದ್ದರು. ಹಾಗೆ ತೆಗೆದರೆ ಆಯುಷ್ಯವೇನೂ ಹೆಚ್ಚುವುದಿಲ್ಲ ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿತು. ಅದರಲ್ಲಿ ಎಲ್ಲ ಗ್ರಂಥಿ ತೆಗೆಸಿಕೊಂಡವರ ಪೈಕಿ ಶೇ 24ರಷ್ಟು ಮಂದಿಗೆ ಬಾವು ಬಂದಿತ್ತು, ಬರೀ ಸ್ಕ್ಯಾನ್ ಮಾಡಿಸುತ್ತ ಕಾದವರಲ್ಲಿ ಶೇ 6ರಷ್ಟು ಮಂದಿಗೆ. ಹಳೆಯ ಕಾಲದ ರೋಗಿಯ ಊದಿದ ಕಾಲು ನೋಡಿ ತಮಗೂ ಹಾಗೇ ಆಗುತ್ತದೆಂದು ಹೊಸಬರು ನಂಬುವುದರಿಂದ ಈ ಅಂಕಿಗಳನ್ನು ಹೇಳಲೇಬೇಕು.

ನಗು: ಎಷ್ಟು, ಯಾರದು, ಯಾವಾಗ

ನಗುವಿನಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ. ಹಾಗೆ ಹೇಳುವವರ ಮಾತಿಗೆ ಕಿವಿಗೊಡಬೇಡಿ. ಆ ಮಾತಿನ ಬೆನ್ನಿಗೇ, ಕಾಯಿಲೆ ಮರಳಿದರೆ ನೀನು ಸಾಕಷ್ಟು ನಗಲಿಲ್ಲ ಎಂಬ ಆರೋಪ ಬರುತ್ತದೆ. ನಗುವಿಗೆ ಬೇರೆ ಕೆಲಸವಿದೆ. ಜೊತೆಗಿದ್ದವರ ನಡುವೆ ಮನಸಾರೆ ನಕ್ಕ ಮೇಲೆ ಜನರ ನೋವು ತಡೆಯುವ ಶಕ್ತಿ ಏರುತ್ತದೆಂದು ಆಕ್ಸ್‌ಫರ್ಡ್‌ನ ರಾಬಿನ್ ಡನ್‌ಬಾರ್ ತಂಡ ಪ್ರಯೋಗಗಳಲ್ಲಿ ತೋರಿಸಿದೆ. ಅದಕ್ಕಿಂತ ದೊಡ್ಡ ಉಪಯೋಗ, ಮಾತು ಕಟ್ಟಿಹೋದ ಮನೆಯಲ್ಲಿ ಮಾತು ಮತ್ತೆ ಶುರುವಾಗುವುದು.

ಮೊದಲು ದೇಹದ ಲೆಕ್ಕ. ಹೊಟ್ಟೆ, ಎದೆ, ತೊಡೆಸಂದಿನಲ್ಲಿ ಹೊಲಿಗೆಯಿದ್ದರೆ ಜೋರಾಗಿ ನಕ್ಕಾಗ ಸ್ನಾಯು ಬಿಗಿದು ಗಾಯ ಎಳೆಯುತ್ತದೆ. ಮಡಚಿದ ಟವೆಲ್ ಅಥವಾ ಚಿಕ್ಕ ದಿಂಬನ್ನು ಕೈಗೆಟುಕುವಲ್ಲಿ ಇಟ್ಟುಕೊಂಡು, ನಗು, ಕೆಮ್ಮು, ಸೀನು ಬಂದಾಗ ಗಾಯದ ಮೇಲೆ ಅಂಗೈಯಿಂದ ಒತ್ತಿ ಹಿಡಿದರೆ ಎಳೆತ ತಗ್ಗುತ್ತದೆ. ಕೆನ್ನೆ ಅಥವಾ ತುಟಿಯ ಹತ್ತಿರ ಕಸಿಯಾಗಿದ್ದರೆ ಮೊದಲ ವಾರ ಮುಖ ಅರಳಿಸಿ ನಗುವುದೂ ಪದರವನ್ನು ಜಾರಿಸಬಲ್ಲದು. ಆ ವಾರ ನಗಿಸುವ ನೆಂಟರನ್ನು ದೂರವಿಡುವುದು ನಿಜವಾದ ವೈದ್ಯಕೀಯ ಸಲಹೆ.

ಎಲ್ಲ ನಗುವೂ ಒಂದೇ ಅಲ್ಲ. ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಸಂಗಡಿಗರು 2003ರಲ್ಲಿ ಹಾಸ್ಯವನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಜನರನ್ನು ಹತ್ತಿರ ತರುವುದು, ಕಷ್ಟದಲ್ಲೂ ತನ್ನನ್ನು ಎತ್ತಿ ನಿಲ್ಲಿಸಿಕೊಳ್ಳುವುದು, ಇನ್ನೊಬ್ಬರನ್ನು ಚುಚ್ಚುವುದು, ಬೇರೆಯವರು ಮೆಚ್ಚಲೆಂದು ತನ್ನನ್ನೇ ಕೀಳು ಮಾಡಿಕೊಳ್ಳುವುದು. ಮೊದಲ ಎರಡು ಮನಸ್ಸಿಗೆ ಹಿತ, ಕೊನೆಯದು ಖಿನ್ನತೆಯ ಜೊತೆಗಾರ. ವ್ಯತ್ಯಾಸ ಹೀಗಿರುತ್ತದೆ. "ನನ್ನ ಬೆನ್ನಿಗೆ ಈಗ ಜಿಪ್ ಬಂದಿದೆ, ಮುಂದಿನ ಸಲ ಡಾಕ್ಟರಿಗೆ ಸುಲಭ" ಎನ್ನುವುದು ಗಾಯದ ಬಗ್ಗೆ. "ನನ್ನನ್ನು ಇನ್ನು ಯಾರು ನೋಡುತ್ತಾರೆ, ಹೊಲಿದ ಗೋಣಿಚೀಲ ಇದು" ಎನ್ನುವುದು ತನ್ನ ಬಗ್ಗೆ. ಎರಡನೆಯದಕ್ಕೆ ಸುತ್ತಲಿನವರು ನಕ್ಕುಬಿಟ್ಟರೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ. ಅಂಥ ಮಾತು ಪದೇ ಪದೇ ಬರುತ್ತಿದ್ದರೆ ನಗದೆ, "ಹಾಗನ್ನಿಸುತ್ತಿದೆಯಾ?" ಎಂದು ಕೇಳಿ.

ಯಾರು ತಮಾಷೆ ಮಾಡಬೇಕು ಎಂಬುದಕ್ಕೆ ಸೂಸನ್ ಸಿಲ್ಕ್ ಎಂಬ ಮನಶ್ಶಾಸ್ತ್ರಜ್ಞೆ 2013ರಲ್ಲಿ ಬರೆದ ವರ್ತುಲಗಳ ಸೂತ್ರ ಉಪಯೋಗಕ್ಕೆ ಬರುತ್ತದೆ. ನಟ್ಟನಡುವೆ ರೋಗಿ, ಸುತ್ತ ಸಂಗಾತಿ-ಮಕ್ಕಳು, ಅದರಾಚೆ ನೆಂಟರು, ಇನ್ನೂ ಆಚೆ ಪರಿಚಿತರು. ಒಳಗಿನವರಿಗೆ ಕೊಡಬೇಕಾದದ್ದು ಸಾಂತ್ವನ. ಸಿಟ್ಟು, ಅಳಲು ಹೊರಗಿನವರತ್ತ ಹರಿಯಬೇಕು. ಇದನ್ನು ತಮಾಷೆಗೂ ಅನ್ವಯಿಸುವುದು ಒಳ್ಳೆಯದೆಂದು ನಾವು ಭಾವಿಸುತ್ತೇವೆ. ಗಾಯದ ಜೋಕು ರೋಗಿಯ ಬಾಯಲ್ಲಿ ಹುಟ್ಟಲಿ, ಬೇರೆಯವರು ಅದನ್ನು ಮುಂದುವರಿಸಲಿ. ಭೇಟಿಗೆ ಬಂದವರು ತಾವಾಗಿ ಶುರು ಮಾಡಿದರೆ ಅದೇ ಮಾತು ಇರಿಯುತ್ತದೆ. ಬಯಾಪ್ಸಿ ವರದಿ ಬರುವ ದಿನವಂತೂ ರೋಗಿಯೇ ಬಾಯಿ ತೆರೆಯುವವರೆಗೆ ಕಾಯಿರಿ.

ಕಣ್ಣಿಗೆ ಬೀಳುವ ಕಲೆ ಇದ್ದರೆ ಅಪರಿಚಿತರ ಪ್ರಶ್ನೆ ತಪ್ಪುವುದಿಲ್ಲ. ಎರಡು ಉತ್ತರಗಳನ್ನು ಮೊದಲೇ ಸಿದ್ಧವಾಗಿಟ್ಟುಕೊಳ್ಳುವುದು ಜಾಣತನ. ಒಂದು ನಗೆಯದು, "ಶಾರ್ಕ್ ಕಚ್ಚಿತು" ಎಂಬುದು ಮೆಲನೋಮಾ ರೋಗಿಗಳ ನಡುವೆ ಚಿರಪರಿಚಿತ. ಇನ್ನೊಂದು ಮಾತು ಮುಗಿಸುವಂಥದ್ದು: "ಚರ್ಮದ ಶಸ್ತ್ರಚಿಕಿತ್ಸೆ ಆಗಿತ್ತು, ಈಗ ಆರಾಮಾಗಿದ್ದೇನೆ." ಯಾವ ದಿನ ಯಾವುದು ಬೇಕೋ ಅದನ್ನು ಬಳಸಿ. ಎರಡನೆಯದನ್ನು ಹೇಳಿದ ದಿನ ಸೋತಂತೇನೂ ಅಲ್ಲ.

ನಗು ನಿಜವಾಗಿ ಹಾನಿ ಮಾಡುವ ಜಾಗ ಡಾಕ್ಟರ ಕೋಣೆ. ಸದಾ ನಗಿಸುವವರು ಅಲ್ಲೂ ನೋವನ್ನು ತಮಾಷೆಯಲ್ಲಿ ತೇಲಿಸಿಬಿಡುತ್ತಾರೆ, ವೈದ್ಯರು ಎಲ್ಲ ಚೆನ್ನಾಗಿದೆ ಎಂದು ಬರೆದುಕೊಳ್ಳುತ್ತಾರೆ. ಒಳಗೆ ಹೋಗುವ ಮುನ್ನ ಮೂರು ಸಾಲು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ನೋವು 10ಕ್ಕೆ ಎಷ್ಟು, ನಿದ್ದೆ ಎಷ್ಟು ಗಂಟೆ, ಹೊಸದಾಗಿ ಕಂಡದ್ದು ಏನು. ಚೀಟಿ ಓದಿ ಮುಗಿಸಿದ ಮೇಲೆ ಜೋಕು.

ಸಮದುಃಖಿಗಳ ನೆರವು

ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಟೆರೀಸ್ ಲ್ಯಾಸರ್ 1952ರಲ್ಲಿ ನ್ಯೂಯಾರ್ಕ್‌ನ ಆಸ್ಪತ್ರೆಗಳಲ್ಲಿ ಹೊಸ ರೋಗಿಗಳ ಹಾಸಿಗೆಯ ಬಳಿ ಹೋಗಿ ಕೂರಲು ಆರಂಭಿಸಿದರು. ಕೈ ಎತ್ತುವ ವ್ಯಾಯಾಮ, ಹಾಕಿಕೊಳ್ಳಬೇಕಾದ ಉಡುಪಿನಂಥ, ಸರ್ಜನ್‌ಗಳು ಹೇಳದ ವಿಷಯಗಳನ್ನು ಅವರು ಹೇಳಿದರು. ಕ್ಯಾನ್ಸರ್ ಬಳಗಗಳ ಸತ್ವ ಇಂದಿಗೂ ಅಲ್ಲೇ ಇದೆ. ಬೆನ್ನಿನ ಗಾಯವಿದ್ದವರು ಮೊದಲ ವಾರ ಹೇಗೆ ಮಲಗಿದರು, ಕಾರಿನ ಸೀಟ್‌ಬೆಲ್ಟ್ ಎಲ್ಲಿ ಒತ್ತುತ್ತದೆ, ಕಂಕುಳಿನ ಹೊಲಿಗೆ ಇರುವಾಗ ಯಾವ ಅಂಗಿ ಸುಲಭ, ಮಕ್ಕಳಿಗೆ ಯಾವ ಮಾತಿನಲ್ಲಿ ಹೇಳಿದರು ಎಂಬುದಕ್ಕೆ ಅನುಭವಿಗಳಷ್ಟು ಚೆನ್ನಾಗಿ ಬೇರೆ ಯಾರೂ ಉತ್ತರಿಸಲಾರರು.

ಜೊತೆಗಾರರನ್ನು ಹುಡುಕುವಾಗ ಕಾಯಿಲೆಯ ಹೆಸರೊಂದೇ ಸಾಲದು. ಗಾಯದ ಜಾಗ, ಕಾಯಿಲೆಯ ಹಂತ, ಕಸಿ ಆಗಿದೆಯೋ ಇಲ್ಲವೋ ಇವು ಹೊಂದಬೇಕು. ನಿಮಗಿಂತ ಆರು ತಿಂಗಳಿಂದ ಎರಡು ವರ್ಷ ಮುಂದಿರುವವರು ಸಿಕ್ಕರೆ ಇನ್ನೂ ಒಳ್ಳೆಯದು. ನಿಮ್ಮ ಜೊತೆಯಲ್ಲೇ ಶಸ್ತ್ರಚಿಕಿತ್ಸೆ ಆದವರು ನಿಮ್ಮಷ್ಟೇ ಹೆದರಿರುತ್ತಾರೆ. ಹತ್ತು ವರ್ಷ ಹಿಂದಿನವರ ಚಿಕಿತ್ಸೆ ಈಗಿನದಲ್ಲ. 0.4 ಮಿಲಿಮೀಟರ್ ಆಳದವರು ನಾಲ್ಕನೇ ಹಂತದವರ ಬಳಗಕ್ಕೆ ಸೇರಿ ರಾತ್ರಿಯೆಲ್ಲ ನಿದ್ದೆಗೆಡುವುದೂ ಉಂಟು, ತಮ್ಮ ಭಯ ಹೇಳಿಕೊಳ್ಳಲು ತಮಗೆ ಹಕ್ಕಿಲ್ಲವೆಂದು ಬಾಯಿ ಮುಚ್ಚಿ ಕೂರುವುದೂ ಉಂಟು.

ಬಳಗಗಳು ಎಡವುವುದು ಎಲ್ಲಿ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕಾಯಿಲೆ ಮರಳದಂತೆ ಕೆಲವರಿಗೆ ಶಸ್ತ್ರಚಿಕಿತ್ಸೆಯ ನಂತರ ಸುಮಾರು ಒಂದು ವರ್ಷ ಪೆಂಬ್ರೊಲಿಜುಮ್ಯಾಬ್ ಅಥವಾ ನಿವೊಲುಮ್ಯಾಬ್ ಕೊಡುತ್ತಾರೆ. ಇವು ರೋಗನಿರೋಧಕ ವ್ಯವಸ್ಥೆಯ ಕಡಿವಾಣ ಬಿಚ್ಚುವ ಔಷಧಗಳು. ಕಡಿವಾಣ ಬಿಚ್ಚಿದ ವ್ಯವಸ್ಥೆ ಕರುಳು, ಶ್ವಾಸಕೋಶ, ಥೈರಾಯ್ಡ್ ಮೇಲೂ ತಿರುಗಿ ಬೀಳಬಹುದು. ಒಬ್ಬರಿಗೆ ದಿನಕ್ಕೆ ನಾಲ್ಕು ಸಲ ಹೆಚ್ಚಿಗೆ ಭೇದಿಯಾಗುತ್ತದೆ. ಬಳಗದಲ್ಲಿ ಕೇಳುತ್ತಾರೆ. "ನನಗೂ ಆಗಿತ್ತು, ಭೇದಿ ನಿಲ್ಲಿಸುವ ಮಾತ್ರೆ ತಗೊಂಡೆ, ಸರಿಹೋಯಿತು" ಎಂದು ಒಬ್ಬರು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಇದು ಕರುಳಿನ ಉರಿಯೂತವಾಗಿದ್ದರೆ ಬೇಕಾದದ್ದು ಸ್ಟಿರಾಯ್ಡ್, ಅದೂ ತಡವಿಲ್ಲದೆ. ಮಾತ್ರೆ ಭೇದಿಯನ್ನು ಮರೆಮಾಚಿ ಕರುಳು ತೂತಾಗುವವರೆಗೆ ಸಮಯ ಕಳೆಯಬಹುದು. ಭೇದಿ, ಹೊಸ ಕೆಮ್ಮು-ಉಬ್ಬಸ, ಕಣ್ಣು ಹಳದಿಯಾಗುವುದು, ವಿಪರೀತ ಸುಸ್ತು ಇವಕ್ಕೆ ಬಳಗ ಹೇಳಬೇಕಾದ ಉತ್ತರ ಒಂದೇ: ಚಿಕಿತ್ಸಾ ತಂಡಕ್ಕೆ ಈಗಲೇ ಫೋನ್ ಮಾಡಿ.

ನೀವೇ ಬಳಗ ಕಟ್ಟುವುದಾದರೆ ಆರರಿಂದ ಹತ್ತು ಮಂದಿ, ಒಂದರಿಂದ ಒಂದೂವರೆ ಗಂಟೆ ಸರಿಯಾದ ಅಳತೆ. ಇನ್ನೂ ಹೆಚ್ಚು ಜನರಾದರೆ ಸಂಕೋಚದವರಿಗೆ ಸರದಿ ಸಿಗುವುದಿಲ್ಲ. ಮೊದಲ ದಿನವೇ ಕೆಲವು ಮಾತು ಸ್ಪಷ್ಟವಾಗಿರಲಿ: ಇಲ್ಲಿ ಕೇಳಿದ್ದು ಹೊರಗೆ ಹೋಗಬಾರದು, ಯಾರೂ ಔಷಧ ಸೂಚಿಸಬಾರದು, ಏನನ್ನೂ ಮಾರಬಾರದು, ಗಾಯದ ಫೋಟೊ ತೋರಿಸುವ ಮುನ್ನ ಕೇಳಬೇಕು. ಕ್ಯಾನ್ಸರ್‌ಗೆ ಪವಾಡದ ಔಷಧ ಹಿಡಿದುಕೊಂಡು ಯಾರಾದರೂ ಬಂದೇ ಬರುತ್ತಾರೆ. ನಿಯಮ ಮೊದಲೇ ಇದ್ದರೆ ಅವರನ್ನು ತಡೆಯುವುದು ಜಗಳವಾಗುವುದಿಲ್ಲ. ಇನ್ನೊಂದು ಕಷ್ಟದ ಸಂಗತಿ, ಸದಸ್ಯರೊಬ್ಬರ ಸಾವು. ಸುದ್ದಿಯನ್ನು ಮುಚ್ಚಿಟ್ಟರೆ ಉಳಿದವರು ಪ್ರತಿ ಗೈರುಹಾಜರಿಗೂ ಬೆಚ್ಚಿಬೀಳುತ್ತಾರೆ. ಕುಟುಂಬದ ಒಪ್ಪಿಗೆ ಪಡೆದು ನೇರವಾಗಿ ತಿಳಿಸಿ, ಆ ದಿನದ ಸಭೆಯನ್ನು ಅವರ ನೆನಪಿಗೇ ಬಿಡಿ. ಅವರು ಹೇಳುತ್ತಿದ್ದ ಜೋಕುಗಳು ಅಂದು ಮತ್ತೆ ಬಂದರೆ ಅದರಲ್ಲಿ ಅಗೌರವವಿಲ್ಲ.

ಬಳಗಕ್ಕೆ ನಿಭಾಯಿಸಲಾಗದ ಹಂತವೂ ಇದೆ. ಕಳೆದ ಒಂದು ವಾರದ ಸಂಕಟವನ್ನು 0ಯಿಂದ 10ರ ಅಳತೆಯಲ್ಲಿ ಗುರುತಿಸುವ ಸರಳ ಸಾಧನವೊಂದನ್ನು ಕ್ಯಾನ್ಸರ್ ಆಸ್ಪತ್ರೆಗಳು ಬಳಸುತ್ತವೆ. 4 ಅಥವಾ ಹೆಚ್ಚು ಬಂದರೆ ವಿವರವಾಗಿ ವಿಚಾರಿಸಬೇಕೆಂದು ಲೆಕ್ಕ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದರೆ, ಇಷ್ಟವಿದ್ದ ಯಾವುದೂ ಬೇಡವೆನಿಸಿದರೆ ಮನೋವೈದ್ಯರನ್ನು ಕಾಣಿರಿ. ಬದುಕೇ ಬೇಡವೆನಿಸಿದರೆ ಒಂದು ದಿನವೂ ಕಾಯಬೇಡಿ.

ಮುಂದಿನ ತಿಂಗಳುಗಳು

ಗಾಯ ಪೂರ್ತಿ ಮುಚ್ಚಿದ ಮೇಲೆ, ಸಾಮಾನ್ಯವಾಗಿ ಮೂರ್ನಾಲ್ಕು ವಾರಕ್ಕೆ, ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಲೆಯನ್ನು ಬೆರಳ ತುದಿಯಿಂದ ಗಟ್ಟಿಯಾಗಿ ಒತ್ತಿ ಚಕ್ರಾಕಾರವಾಗಿ ತೀಡಿ. ಬೆರಳಿನ ಜೊತೆ ಅಡಿಯ ಚರ್ಮವೂ ಸರಿಯಬೇಕು. ಎದೆ, ಭುಜದಲ್ಲಿ ಕಲೆ ಉಬ್ಬುವ ಸ್ವಭಾವವಿದ್ದರೆ ಸಿಲಿಕೋನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳು ಹಚ್ಚಬೇಕಾಗುತ್ತದೆ. ಕಲೆಯ ಬಣ್ಣ ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ ಹಿಡಿಯುತ್ತದೆ. ಜೋಮು ಹಿಡಿದ ಜಾಗದಲ್ಲಿ ನರಗಳು ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ನಡುನಡುವೆ ಬರುವ ಚುಳುಕು, ತುರಿಕೆ ಅದರದ್ದೇ.

ತಿಂಗಳಿಗೊಮ್ಮೆ ಒಳ್ಳೆಯ ಬೆಳಕಿನಲ್ಲಿ ಮೈಯೆಲ್ಲ ನೋಡಿಕೊಳ್ಳಿ. ಬೆನ್ನು, ನೆತ್ತಿ, ಕಿವಿಯ ಹಿಂದೆ ಬೇರೆಯವರು ನೋಡಬೇಕು. ಅಂಗಾಲು, ಬೆರಳ ಸಂದು, ಉಗುರು ಬಿಡಬಾರದು. ಕಲೆಯ ಮೇಲೆ, ಮತ್ತು ಕಲೆಯಿಂದ ಹತ್ತಿರದ ಗ್ರಂಥಿಯವರೆಗಿನ ದಾರಿಯಲ್ಲಿ ಬೆರಳಾಡಿಸಿ. ಅಲ್ಲಿ ಅಕ್ಕಿಕಾಳಿನಂತೆ ಸಿಗುವ ಹೊಸ ಗಂಟು ಕಪ್ಪಗಿರಬೇಕೆಂದೇನೂ ಇಲ್ಲ, ಚರ್ಮದ ಬಣ್ಣದ್ದೂ ಇರಬಹುದು. ಕಂಕುಳು, ತೊಡೆಸಂದು, ಕತ್ತಿನಲ್ಲಿ ಗಟ್ಟಿಯಾದ, ನೋವಿಲ್ಲದ ಗಡ್ಡೆ ಸಿಕ್ಕರೆ ಅಳತೆ, ದಿನಾಂಕ ಬರೆದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆದು, ಆ ವಾರದಲ್ಲೇ ವೈದ್ಯರಿಗೆ ತೋರಿಸಿ.